ಹಸು, ಕರು, ಮೇಕೆ, ನಾಯಿಯ ಕಾಲು ಮುರಿದಾಗ: ಕಟ್ಟು ಹಾಕುವ ಮೊದಲು ಇದನ್ನು ಓದಿ

ಮೂಳೆ ಮುರಿದ ಪ್ರಾಣಿ ಕಣ್ಣೆದುರು ಒದ್ದಾಡುತ್ತಿದ್ದರೆ ಸುಮ್ನೆ ನಿಂತು ನೋಡಲು ಯಾರಿಗೂ ಆಗುವುದಿಲ್ಲ. ಒಬ್ಬರು ಹಗ್ಗ ತರುತ್ತಾರೆ, ಇನ್ನೊಬ್ಬರು ಬಿದಿರು ಸೀಳುತ್ತಾರೆ, ಮತ್ತೊಬ್ಬರು ಕಾಲು ಎಳೆದು ಮೂಳೆ ಕೂಡಿಸಲು ಕೂರುತ್ತಾರೆ. ಎಲ್ಲರದ್ದೂ ಒಳ್ಳೆ ಮನಸ್ಸೇ. ಆದರೆ ಮುರಿದ ಮೂಳೆ ಕೂಡಲು ಬೇಕಾದದ್ದು ಎರಡೇ: ಅದು ಅಲುಗಬಾರದು, ಆ ಕಾಲಿಗೆ ರಕ್ತ ಹರಿಯುತ್ತಲೇ ಇರಬೇಕು. ಅಲುಗದ ಹಾಗೆ ಕಟ್ಟುವುದು ಎಲ್ಲರಿಗೂ ಗೊತ್ತು. ರಕ್ತದ ವಿಷಯ ಮರೆತುಹೋಗುತ್ತದೆ. ಬಿಗಿ ಕಟ್ಟಿನಿಂದ ಕಾಲು ಕೊಳೆತ ಕರುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವಕ್ಕೆ ಆಗಿದ್ದ ಮುರಿತ ಒಂದು ತಿಂಗಳಲ್ಲಿ ಚೆನ್ನಾಗಿ ಕೂಡುವಂಥದ್ದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜೀವ, ಆಮೇಲೆ ಮೂಳೆ

ಗಾಡಿ ಗುದ್ದಿದ ನಾಯಿಯ ಕಾಲು ಜೋತಾಡುತ್ತಿದ್ದರೆ ಎಲ್ಲರ ಕಣ್ಣೂ ಕಾಲಿನ ಮೇಲೆಯೇ. ನೀವು ಮೊದಲು ಉಸಿರಾಟ ನೋಡಿ. ಬಾಯಿ ತೆರೆದು ಕಷ್ಟಪಟ್ಟು ಉಸಿರಾಡುತ್ತಿದ್ದರೆ, ಹೊಟ್ಟೆ ಎಳೆದೆಳೆದು ಉಸಿರು ತೆಗೆಯುತ್ತಿದ್ದರೆ ಎದೆಯೊಳಗೆ ಪೆಟ್ಟಾಗಿದೆ. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದೆ ಅಂದರೆ ಇನ್ನೂ ಗಂಭೀರ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಯಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣ ಬರಬೇಕು. ವಸಡು ಸುಣ್ಣದಷ್ಟು ಬೆಳ್ಳಗಿದ್ದರೆ ಒಳಗೆಲ್ಲೋ ರಕ್ತ ಸುರಿಯುತ್ತಿದೆ. ಆಗ ಕಾಲಿಗೆ ಕಟ್ಟು ಹಾಕುತ್ತಾ ಕೂರಬೇಡಿ, ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಓಡಿ. ಸೊಂಟದ ಮೂಳೆ ಮುರಿದ ನಾಯಿಗಳಲ್ಲಿ ಮೂತ್ರಕೋಶ ಒಡೆದಿರುವ ಸಾಧ್ಯತೆಯೂ ಇರುತ್ತದೆ, ಹಾಗಾಗಿ ಪೆಟ್ಟಾದ ಮೇಲೆ ಉಚ್ಚೆ ಹೊಯ್ದಿದೆಯಾ ಇಲ್ಲವಾ ಅಂತ ಗಮನಿಸಿ ಡಾಕ್ಟರಿಗೆ ಹೇಳಿ.

ನೀವೇ ಸಾಕಿದ ನಾಯಿಯಾದರೂ ನೋವಿನಲ್ಲಿ ಕಚ್ಚುತ್ತದೆ. ಮೆತ್ತನೆ ಬಟ್ಟೆ ಪಟ್ಟಿಯಿಂದ ಮೂತಿ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿ, ಕಿವಿಯ ಹಿಂದೆ ಬಿಗಿಯಿರಿ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ, ಅಥವಾ ಪಗ್ ಥರದ ಚಪ್ಪಟೆ ಮೂತಿಯ ನಾಯಿಯಾದರೆ ಮೂತಿ ಕಟ್ಟಬಾರದು. ತಲೆಯ ಮೇಲೆ ಟವಲ್ ಹಾಕಿ ಹಿಡಿದರೆ ಸಾಕು. ಸಾಗಿಸಲು ಹಲಗೆ ಒಳ್ಳೆಯದು, ಇಲ್ಲದಿದ್ದರೆ ದಪ್ಪ ಚಾದರ. ಮುರಿದ ಕಾಲು ಮೇಲ್ಗಡೆ ಬರುವ ಹಾಗೆ ಮಲಗಿಸಿ.

ನಿಜಕ್ಕೂ ಮುರಿದಿದೆಯಾ?

ಕಾಲು ನೆಲಕ್ಕೇ ಊರುವುದಿಲ್ಲ, ಕೀಲಿಲ್ಲದ ಜಾಗದಲ್ಲಿ ಬಾಗುತ್ತದೆ, ಊದಿದೆ, ಮುಟ್ಟಿದರೆ ಕಿರುಚುತ್ತದೆ ಅಂದರೆ ಮುರಿತವೇ ಅಂತ ತಿಳಿದು ನಡೆದುಕೊಳ್ಳಿ. ಮೂಳೆಯ ತುದಿಗಳು ಒಂದಕ್ಕೊಂದು ಉಜ್ಜಿ ಕರಕರ ಅನ್ನುತ್ತವಾ ಅಂತ ಅಲುಗಿಸಿ ನೋಡುವುದು ಬೇಡವೇ ಬೇಡ. ಹಾಗೆ ನೋಡುವಾಗಲೇ ಚೂಪಾದ ತುದಿ ಚರ್ಮ ತೂತು ಮಾಡಿ ಹೊರಗೆ ಬರುತ್ತದೆ. ಕರುವಿನ ಮುಂಗಾಲಿನಲ್ಲಿ ಮಂಡಿಯ ಕೆಳಗೆ ಚರ್ಮ ಮತ್ತು ಮೂಳೆಯ ನಡುವೆ ಮಾಂಸವೇ ಇಲ್ಲ ನೋಡಿ, ಅಲ್ಲಿ ಇದು ಒಂದೇ ಗಳಿಗೆಯ ಕೆಲಸ.

ಮುರಿತ ಅಂದುಕೊಂಡು ಮೋಸ ಹೋಗುವ ಕೆಲವು ತೊಂದರೆಗಳಿವೆ. ಅದರಲ್ಲಿ ಒಂದಂತೂ ಪ್ರಾಣಕ್ಕೇ ಬರುತ್ತದೆ, ಚಪ್ಪೆ ರೋಗ. ಆರು ತಿಂಗಳಿಂದ ಎರಡು ವರ್ಷದೊಳಗಿನ, ಮೈಕೈ ತುಂಬಿಕೊಂಡ ದನ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಕುಂಟುತ್ತದೆ. ತೊಡೆ ಅಥವಾ ಭುಜ ಊದಿರುತ್ತದೆ, ಒತ್ತಿದರೆ ಚರ್ಮದ ಕೆಳಗೆ ಚರಚರ ಸದ್ದು. ಅದು ಮೂಳೆಯ ಸದ್ದಲ್ಲ, ಮಾಂಸದೊಳಗೆ ತುಂಬಿದ ಗಾಳಿ. ಜೊತೆಗೆ ಜೋರು ಜ್ವರ ಇರುತ್ತದೆ. ಕಟ್ಟು ಹಾಕಿ ನಾಳೆ ನೋಡೋಣ ಅಂತ ಬಿಟ್ಟರೆ ಒಂದೆರಡು ದಿನದಲ್ಲಿ ದನ ಸಾಯುತ್ತದೆ, ಶುರುವಿನಲ್ಲೇ ಇಂಜೆಕ್ಷನ್ ಸಿಕ್ಕರೆ ಮಾತ್ರ ಉಳಿಯುವ ಆಸೆ. ಪೆಟ್ಟೇ ಬಿದ್ದಿಲ್ಲ, ಆದರೂ ಕುಂಟುತ್ತಿದೆ, ಮೈ ಸುಡುತ್ತಿದೆ ಅಂದರೆ ಮೊದಲು ಇದನ್ನೇ ಅನುಮಾನಿಸಿ. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸಿದರೆ ಈ ಭಯವೇ ಇರುವುದಿಲ್ಲ.

ಇನ್ನೊಂದು ಮಂಡಿ ಚಿಪ್ಪು ಮೇಲೆ ಸಿಕ್ಕಿಕೊಳ್ಳುವುದು. ಎತ್ತು, ಎಮ್ಮೆಗಳಲ್ಲಿ ಇದು ತುಂಬಾ ಕಾಣುತ್ತದೆ. ಹಿಂಗಾಲು ಹಿಂದಕ್ಕೆ ಸೆಟೆದು ನಿಲ್ಲುತ್ತದೆ, ಗೊರಸಿನ ತುದಿ ನೆಲಕ್ಕೆ ಎಳೆಯುತ್ತದೆ, ಆಮೇಲೆ ಥಟ್ಟನೆ ಬಿಟ್ಟುಕೊಂಡು ಕಾಲು ಮುಂದಕ್ಕೆ ಜಿಗಿಯುತ್ತದೆ. ಇಲ್ಲಿ ಮೂಳೆ ಮುರಿದಿಲ್ಲ. ಡಾಕ್ಟರು ಜಾಗ ಮರಗಟ್ಟಿಸಿ ಒಂದು ಸಣ್ಣ ನಾರನ್ನು ಕತ್ತರಿಸುತ್ತಾರೆ, ಬಹಳಷ್ಟು ಸಲ ಎತ್ತು ಅಲ್ಲಿಂದಲೇ ನೆಟ್ಟಗೆ ನಡೆದು ಹೋಗುತ್ತದೆ. ಸುಮ್ನೆ ಬರೆ ಹಾಕಿಸಿ ಆ ಮೂಕ ಜೀವಕ್ಕೆ ಹಿಂಸೆ ಕೊಡಬೇಡಿ. ನಾಯಿಗಳಲ್ಲಿ ಸೊಂಟದ ಕೀಲು ಜಾರುವುದೂ ಮುರಿತದ ಹಾಗೇ ಕಾಣುತ್ತದೆ, ಅದನ್ನು ಒಂದೆರಡು ದಿನದೊಳಗೆ ಕೂರಿಸಿದರೆ ನಿಲ್ಲುತ್ತದೆ, ತಡವಾದಷ್ಟೂ ಕಷ್ಟ.

ಮುರಿತದಲ್ಲಿ ಎಷ್ಟು ಬಗೆ

ಪುಸ್ತಕದಲ್ಲಿ ಉದ್ದ ಪಟ್ಟಿಯೇ ಇದೆ. ನಮಗೆ ಬೇಕಾದ ಮೊದಲ ಪ್ರಶ್ನೆ ಒಂದೇ, ಚರ್ಮ ಹರಿದಿದೆಯಾ ಇಲ್ಲವಾ. ಹರಿಯದಿದ್ದರೆ ಮುಚ್ಚಿದ ಮುರಿತ. ಹರಿದು ಮೂಳೆಗೆ ಗಾಳಿ ತಾಗಿದರೆ ತೆರೆದ ಮುರಿತ. ಗಾಯ ಕಡಲೆಕಾಳಷ್ಟೇ ಇದ್ದರೂ ತೆರೆದದ್ದು ತೆರೆದದ್ದೇ, ಅದರೊಳಗಿಂದ ಕೊಟ್ಟಿಗೆಯ ಸಗಣಿ, ಮಣ್ಣು, ರೋಗಾಣು ಎಲ್ಲ ಮೂಳೆಗೆ ಇಳಿಯುತ್ತದೆ. ಮೂಳೆಗೆ ಕೀವು ಹಿಡಿದರೆ ಕೂಡುವುದು ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ, ಎಷ್ಟೋ ಸಲ ಕೂಡುವುದೇ ಇಲ್ಲ.

ಆಮೇಲೆ ಆಕಾರ. ಮರಿಗಳ ಮೂಳೆ ಹಸಿ ಕಡ್ಡಿಯ ಹಾಗೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಾಗಿ ನಿಲ್ಲುತ್ತದೆ, ಇದು ಬೇಗ ವಾಸಿಯಾಗುತ್ತದೆ. ದೊಣ್ಣೆ ಪೆಟ್ಟು, ಒದೆತ ಬಿದ್ದರೆ ಸಾಮಾನ್ಯವಾಗಿ ಅಡ್ಡಕ್ಕೆ ಮುರಿಯುತ್ತದೆ. ಕಾಲು ಗುಂಡಿಯಲ್ಲಿ ಸಿಕ್ಕಿ ಮೈ ತಿರುಗಿದರೆ ಸುರುಳಿಯಾಗಿ ಮುರಿದು ತುದಿ ಚೂರಿಯಷ್ಟು ಚೂಪಾಗುತ್ತದೆ. ಲಾರಿ, ಟ್ರ್ಯಾಕ್ಟರ್ ಪೆಟ್ಟಿಗೆ ಮೂಳೆ ಚೂರುಚೂರು. ಎಳೆ ಪ್ರಾಣಿಗಳಲ್ಲಿ ಮೂಳೆಯ ತುದಿಯ ಹತ್ತಿರ ಬೆಳೆಯುವ ಪದರ ಇರುತ್ತದೆ, ಅದೇ ಜಾಗದಲ್ಲಿ ಬಿಟ್ಟುಕೊಂಡರೆ ಮುಂದೆ ಕಾಲು ಗಿಡ್ಡವಾಗುವ ಅಥವಾ ಸೊಟ್ಟಗಾಗುವ ಅಪಾಯ ಇದೆ, ಹಾಗಾಗಿ ಮರಿಗೆ ಎಕ್ಸ್-ರೇ ತಪ್ಪಿಸಬೇಡಿ.

ಕೊಂಬು ಮುರಿದರೂ ಅದು ಮೂಳೆ ಮುರಿತವೇ. ದೊಡ್ಡ ದನಗಳ ಕೊಂಬಿನ ಒಳಗಿನ ಟೊಳ್ಳು ತಲೆಬುರುಡೆಯ ಟೊಳ್ಳಿಗೆ ಸೇರಿಕೊಂಡಿರುತ್ತದೆ. ಶುದ್ಧ ಬಟ್ಟೆಯಿಂದ ಒತ್ತಿ ರಕ್ತ ನಿಲ್ಲಿಸಿ, ಇನ್ನೊಂದು ಕೊಂಬಿಗೆ ಸೇರಿಸಿ ಪಟ್ಟಿ ಸುತ್ತಿ. ಒಳಗೆ ನೀರು ಹೋಗಬಾರದು, ನೊಣ ಕೂರಬಾರದು. ಹುಳ ಬಿದ್ದರೆ ತುಂಬಾ ಕಷ್ಟ.

ತೆರೆದ ಗಾಯಕ್ಕೆ ಏನು ಮಾಡಬೇಕು

ಒಂದು ಲೀಟರ್ ನೀರು ಕುದಿಸಿ ಆರಿಸಿ, ಸುಮಾರು 9 ಗ್ರಾಂ, ಅಂದರೆ ಒಂದೂವರೆ ಸಣ್ಣ ಚಮಚ ಉಪ್ಪು ಹಾಕಿ. ಮಣ್ಣು ಹೋಗುವ ತನಕ ಧಾರೆಯಾಗಿ ಸುರಿಯಿರಿ. ಶುದ್ಧ ಬಟ್ಟೆ ಮುಚ್ಚಿ. ಅಷ್ಟೇ. ಅರಿಶಿನ, ಸುಣ್ಣ, ಕಾಫಿ ಪುಡಿ, ಬೂದಿ, ಸೀಮೆಎಣ್ಣೆ ಯಾವುದೂ ಬೇಡ, ಅದನ್ನೆಲ್ಲ ಆಮೇಲೆ ಡಾಕ್ಟರು ಕೆರೆದು ತೆಗೆಯಬೇಕಾಗುತ್ತದೆ. ಹೊರಗೆ ಚಾಚಿದ ಮೂಳೆಯನ್ನು ಒಳಗೆ ತಳ್ಳಬೇಡಿ. ಮೇಕೆ, ಕುರಿ, ಕುದುರೆಯಾದರೆ ಧನುರ್ವಾಯು ಇಂಜೆಕ್ಷನ್ ಹಾಕಿಸಲೇಬೇಕು.

ತಾತ್ಕಾಲಿಕ ಕಟ್ಟು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ನಿಯಮ: ಮುರಿದ ಜಾಗದ ಮೇಲಿನ ಕೀಲು ಮತ್ತು ಕೆಳಗಿನ ಕೀಲು ಎರಡೂ ಕಟ್ಟಿನೊಳಗೆ ಇರಬೇಕು. ಕರುವಿನ ಮುಂಗಾಲು ಮಂಡಿಗೂ ಗೊರಸಿಗೂ ನಡುವೆ ಮುರಿದಿದ್ದರೆ ಕಟ್ಟು ಗೊರಸಿಂದ ಶುರುವಾಗಿ ಮಂಡಿ ದಾಟಿ ಮೇಲೆ ಹೋಗಬೇಕು. ಮುರಿದಲ್ಲಿ ಮಾತ್ರ ಗೇಣುದ್ದದ ಬಿದಿರು ಕಟ್ಟಿದರೆ ಅದು ಸನ್ನೆಗೋಲಿನ ಕೆಲಸ ಮಾಡಿ ಮುರಿತವನ್ನು ಇನ್ನಷ್ಟು ಅಲುಗಿಸುತ್ತದೆ.

ಈ ನಿಯಮದಿಂದಲೇ ಇನ್ನೊಂದು ಮಾತು ಹೊರಡುತ್ತದೆ. ತೊಡೆಯ ಮೂಳೆ ಮತ್ತು ಮುಂಗಾಲಿನಲ್ಲಿ ಮೊಣಕೈ ಮೇಲಿನ ಮೂಳೆ ಮುರಿದರೆ ಮನೆಯಲ್ಲಿ ಕಟ್ಟು ಹಾಕಲೇಬಾರದು. ಮೇಲಿನ ಕೀಲು ಸೊಂಟದಲ್ಲೋ ಭುಜದಲ್ಲೋ ಇದೆ, ಅಲ್ಲಿಗೆ ನಿಮ್ಮ ಕಟ್ಟು ತಲುಪುವುದಿಲ್ಲ. ಕಟ್ಟಿನ ಭಾರವೆಲ್ಲ ಮುರಿತದ ಕೆಳಗೆ ತೂಗಿ ಪ್ರತಿ ಹೆಜ್ಜೆಗೂ ಮೂಳೆಯನ್ನು ಎಳೆಯುತ್ತದೆ. ಅಂಥ ಪ್ರಾಣಿಯನ್ನು ಓಡಾಡದ ಹಾಗೆ ಇಕ್ಕಟ್ಟು ಜಾಗದಲ್ಲಿ ಇಟ್ಟು ಹಾಗೇ ಕರೆದೊಯ್ಯಿರಿ.

ಇನ್ನು ಕಟ್ಟುವ ಕ್ರಮ. ಕಾಲು ಒರೆಸಿ ಒಣಗಿಸಿ. ಗೊರಸಿನ ಸಂದಿಯಲ್ಲಿ, ನಾಯಿಯಾದರೆ ಬೆರಳುಗಳ ನಡುವೆ, ಸ್ವಲ್ಪ ಹತ್ತಿ ಇಡಿ. ಆಮೇಲೆ ಕೆಳಗಿಂದ ಮೇಲಕ್ಕೆ ಹತ್ತಿ ಸುತ್ತುತ್ತಾ ಹೋಗಿ. ಧಾರಾಳವಾಗಿ ಸುತ್ತಿ, ಕಾಲು ಎರಡರಷ್ಟು ದಪ್ಪ ಕಂಡರೂ ಪರವಾಗಿಲ್ಲ. ಹತ್ತಿ ಇಲ್ಲದಿದ್ದರೆ ಟವಲ್, ಹಳೆ ಕಂಬಳಿ ಚೂರು, ಮೆತ್ತನೆ ಸೀರೆ. ಅದರ ಮೇಲೆ ಬ್ಯಾಂಡೇಜ್ ಬಟ್ಟೆ, ಇದೂ ಕೆಳಗಿಂದ ಮೇಲಕ್ಕೇ. ಆಮೇಲೆ ದಬ್ಬೆ. ಬಿದಿರಿನ ದಬ್ಬೆ ಆಗಬಹುದು, ಮಲೆನಾಡಿನವರಿಗೆ ಅಡಿಕೆ ದಬ್ಬೆ ಕೈಗೇ ಸಿಗುತ್ತದೆ. ಅಂಚು ಕೆರೆದು ನುಣುಪು ಮಾಡಿ. ಎಲ್ಲಕ್ಕಿಂತ ಸುಲಭ ಪಿವಿಸಿ ಪೈಪು. ಕಾಲಿನ ದಪ್ಪಕ್ಕೆ ಸರಿಯಾದ್ದನ್ನು ಉದ್ದಕ್ಕೆ ಎರಡು ಹೋಳು ಮಾಡಿ, ತುದಿಗಳನ್ನು ಬೆಂಕಿಗೆ ಹಿಡಿದು ಹೊರಕ್ಕೆ ಸ್ವಲ್ಪ ಬಾಗಿಸಿದರೆ ಚರ್ಮಕ್ಕೆ ಕೊರೆಯುವುದಿಲ್ಲ, ಪಶುವೈದ್ಯರೂ ಕರುಗಳಿಗೆ ಇದನ್ನು ಬಳಸುತ್ತಾರೆ. ಸಣ್ಣ ಮೇಕೆ ಮರಿಗೆ ಸುರುಳಿ ಮಾಡಿದ ದಪ್ಪ ರಟ್ಟು ಸಾಕು. ದಬ್ಬೆಯ ತುದಿ ಹತ್ತಿಯಿಂದ ಹೊರಗೆ ಚಾಚಬಾರದು. ಕೊನೆಗೆ ಅಗಲ ಬಟ್ಟೆಯಿಂದ ಸುತ್ತಿ. ತೆಳ್ಳನೆ ಹುರಿ, ಸುತಲಿ, ತಂತಿ ಬೇಡ.

ನಾಯಿ, ಬೆಕ್ಕಿನ ಕಟ್ಟಿನಲ್ಲಿ ನಡುವಿನ ಎರಡು ಬೆರಳಿನ ತುದಿ ಹೊರಗೆ ಕಾಣುವ ಹಾಗೆ ಬಿಡಿ. ಆ ಎರಡು ಉಗುರು ಅಕ್ಕಪಕ್ಕ ಒತ್ತಾಗಿರಬೇಕು. ಅವು ದೂರ ದೂರ ಸರಿದಿವೆ ಅಂದರೆ ಪಾದ ಊದುತ್ತಿದೆ, ಕಟ್ಟು ಬಿಗಿಯಾಗಿದೆ. ಬೆರಳು ತಣ್ಣಗಾಗಿದ್ದರೆ, ಒತ್ತಿದರೂ ಎಳೆದುಕೊಳ್ಳದಿದ್ದರೆ ಒಂದು ನಿಮಿಷವೂ ಕಾಯದೆ ಬಿಚ್ಚಿ. ದನದಲ್ಲಿ ಗೊರಸು ಕಟ್ಟಿನೊಳಗೆ ಇರುವುದರಿಂದ ಕಟ್ಟಿನ ಮೇಲಂಚು ನೋಡಬೇಕು, ಅಲ್ಲಿ ಒಂದು ಬೆರಳು ತೂರಬೇಕು.

ನಾಟಿ ವೈದ್ಯರ ಹತ್ತಿರ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಎಷ್ಟೋ ಊರಿನಲ್ಲಿ ಹತ್ತಿರ ಇರುವವರು ಅವರೇ, ಕೆಲವರ ಕೈ ತುಂಬಾ ಒಳ್ಳೆಯದು. ಆದರೆ ಮೊಟ್ಟೆಯ ಬಿಳಿ, ಮಂಗರಬಳ್ಳಿ, ಸೊಪ್ಪು ಹಚ್ಚಿ ಕಟ್ಟಿದ ಕಟ್ಟು ಒಣಗುತ್ತಾ ಬಿಗಿಯಾಗುತ್ತದೆ, ಅದೇ ಹೊತ್ತಿಗೆ ಒಳಗೆ ಕಾಲು ಊದುತ್ತದೆ. ಹಾಗಾಗಿ ಮಾರನೇ ದಿನ ಕಟ್ಟು ನೋಡಲೇಬೇಕು. ಎಂಟು ದಿನ ಮುಟ್ಟಬೇಡಿ ಅಂದರೆ ಕೇಳಬೇಡಿ. ತೆರೆದ ಗಾಯವನ್ನಂತೂ ಅಲ್ಲಿಗೆ ಕರೆದೊಯ್ಯಲೇಬೇಡಿ.

ನೋವಿಗೆ ಮನೆಯ ಮಾತ್ರೆ ಬೇಡ

ಬೆಕ್ಕಿಗೆ ಪ್ಯಾರಸಿಟಮಾಲ್ ವಿಷ. ಒಂದೇ ಮಾತ್ರೆ ಸಾಕು ಸಾಯಲು. ನಾಯಿಗೆ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬೀಳುತ್ತದೆ, ಕಿಡ್ನಿ ಕೆಡುತ್ತದೆ. ದನಕ್ಕೆ ಡೈಕ್ಲೋಫೆನಾಕ್ ಕೊಡುವುದನ್ನು 2006ರಲ್ಲೇ ದೇಶದಲ್ಲಿ ನಿಷೇಧಿಸಿದ್ದಾರೆ. ಆ ಔಷಧಿ ಮೈಯಲ್ಲಿರುವಾಗ ದನ ಸತ್ತರೆ, ಅದನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತವೆ. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳನ್ನು ನೆನೆದಾದರೂ, ಮನುಷ್ಯರ ಡೈಕ್ಲೋ ಇಂಜೆಕ್ಷನ್ ತಂದು ದನಕ್ಕೆ ಚುಚ್ಚಬೇಡಿ. ಕೀಟೊಪ್ರೊಫೇನ್, ಅಸೆಕ್ಲೋಫೆನಾಕ್ ಕೂಡ 2023ರಿಂದ ಪ್ರಾಣಿಗಳಿಗೆ ನಿಷೇಧ. ಮೆಲಾಕ್ಸಿಕಾಮ್ ಹದ್ದುಗಳಿಗೆ ಅಪಾಯ ಮಾಡುವುದಿಲ್ಲ, ಎಷ್ಟು ಕೊಡಬೇಕು ಅಂತ ಡಾಕ್ಟರೇ ಹೇಳಲಿ.

ಡಾಕ್ಟರು ಏನು ಮಾಡುತ್ತಾರೆ

ಕರ್ನಾಟಕದಲ್ಲಿ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾಲಯದ ಗಾಡಿ ಬರುತ್ತದೆ. ಯಾವ ಪ್ರಾಣಿ, ಸುಮಾರು ಎಷ್ಟು ತೂಕ, ಯಾವ ಕಾಲು, ಗಾಯ ತೆರೆದಿದೆಯಾ, ಎದ್ದು ನಿಲ್ಲುತ್ತದಾ, ಇಷ್ಟನ್ನು ಫೋನಿನಲ್ಲೇ ಹೇಳಿಬಿಡಿ. ರಾಡು, ಪ್ಲೇಟು ಬೇಕಾದ ಕೇಸನ್ನು ಸಾಮಾನ್ಯವಾಗಿ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಂಥ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳಿಸುತ್ತಾರೆ.

ಕರುಗಳಲ್ಲಿ ಅತಿ ಹೆಚ್ಚು ಕಾಣುವುದು ಮುಂಗಾಲಿನ ಮಂಡಿಯ ಕೆಳಗಿನ ಮೂಳೆಯ ಮುರಿತ, ಅದೂ ಹುಟ್ಟುವಾಗಲೇ. ಕರು ಅಡ್ಡ ಸಿಕ್ಕಿದಾಗ ಹಗ್ಗ ಕಟ್ಟಿ ನಾಲ್ಕೈದು ಜನ ಒಟ್ಟಿಗೆ ಎಳೆಯುತ್ತಾರಲ್ಲ, ಅದರಿಂದ. ಎಳೆಯಲೇಬೇಕಾದರೆ ಹಗ್ಗದ ಕುಣಿಕೆ ಗೊರಸಿನ ಮೇಲಿನ ಗಿಣ್ಣಿಗಿಂತ ಮೇಲೆ ಒಂದು, ಗಿಣ್ಣಿನ ಕೆಳಗೆ ಅರ್ಧ ಗಂಟು ಇನ್ನೊಂದು ಇರಲಿ, ಭಾರ ಹಂಚಿಹೋಗುತ್ತದೆ. ಇಬ್ಬರಿಗಿಂತ ಜಾಸ್ತಿ ಜನ ಬೇಡ, ಹಸು ಮುಕ್ಕಿದಾಗ ಮಾತ್ರ ಎಳೆಯಿರಿ, ಇಬ್ಬರಿಂದ ಆಗದಿದ್ದರೆ ಡಾಕ್ಟರನ್ನು ಕರೆಯಿರಿ. ಇಂಥ ಕರುವಿಗೆ ಒಳ್ಳೆ ಪ್ಲಾಸ್ಟರ್ ಬಿದ್ದರೆ ನಾಲ್ಕರಿಂದ ಆರು ವಾರದಲ್ಲಿ ಮೂಳೆ ಗಟ್ಟಿಯಾಗುತ್ತದೆ. ಕರು ಬೆಳೆಯುತ್ತಿರುತ್ತದೆ ಅನ್ನುವುದು ನೆನಪಿರಲಿ, ಎರಡು ಮೂರು ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸದಿದ್ದರೆ ಅದೇ ಬಿಗಿಯಾಗುತ್ತದೆ. ಕರು ಎದ್ದು ಮೊಲೆ ಹತ್ತಿರ ಹೋಗಲಾರದೆ ಇದ್ದರೆ ಗಿಣ್ಣುಹಾಲು ಕರೆದು ಬಾಟಲಿಯಲ್ಲಿ ಕುಡಿಸಿ. ಕಾಲಿನ ಗಡಿಬಿಡಿಯಲ್ಲಿ ಇದನ್ನು ಮರೆತು, ಮೊದಲ ಕೆಲವು ಗಂಟೆಯ ಗಿಣ್ಣುಹಾಲು ತಪ್ಪಿ, ಕರು ಬೇಧಿಯಲ್ಲಿ ಸಾಯುವುದುಂಟು.

ಪ್ಲಾಸ್ಟರಿನಲ್ಲಿ ಎರಡು ಥರ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಗ್ಗ, ಭಾರ, ಪೂರ್ತಿ ಗಟ್ಟಿಯಾಗಲು ಒಂದೆರಡು ದಿನ ಬೇಕು, ನೀರು ತಾಗಿದರೆ ಕರಗುತ್ತದೆ. ಫೈಬರ್ ಗ್ಲಾಸ್ ದುಬಾರಿ, ಆದರೆ ಹಗುರ, ಸುಮಾರು ಅರ್ಧ ಗಂಟೆಯಲ್ಲಿ ಭಾರ ತಡೆಯುತ್ತದೆ. ಕೊಟ್ಟಿಗೆಯ ಒದ್ದೆ ನೆಲಕ್ಕೆ ಇದೇ ವಾಸಿ.

ದೊಡ್ಡ ಹಸುವಿನ ಮಾತು ಬೇರೆ. 400 ಕೆ.ಜಿ. ಮೈಯನ್ನು ಮೂರು ಕಾಲಲ್ಲಿ ತಿಂಗಳುಗಟ್ಟಲೆ ಹೊರಬೇಕು. ಮುಂಗಾಲಿನ ಮಂಡಿಯ ಕೆಳಗಿನ ಮುಚ್ಚಿದ ಮುರಿತವಾದರೆ ಧೈರ್ಯ ಮಾಡಬಹುದು, ಎರಡು ಮೂರು ತಿಂಗಳು ಹಿಡಿಯುತ್ತದೆ. ಹಿಂಗಾಲಿನ ಮೊಣಕಾಲು ಕೆಳಗಿನ ಮೂಳೆಗೆ ಕಬ್ಬಿಣದ ಚೌಕಟ್ಟು ಕಟ್ಟುವುದು, ಮೂಳೆಗೆ ಅಡ್ಡ ಸರಳು ಹಾಯಿಸಿ ಪ್ಲಾಸ್ಟರಿಗೆ ಸೇರಿಸುವುದು ಇದೆ. ದೊಡ್ಡ ಹಸುವಿನ ತೊಡೆ ಮೂಳೆ ಮುರಿದಿದ್ದರೆ ಉಳಿಯುವ ಆಸೆ ತೀರಾ ಕಡಿಮೆ. ಬಿದ್ದಲ್ಲೇ ಕೊಳೆಯಲು ಬಿಡುವುದಕ್ಕಿಂತ ನೋವಿಲ್ಲದೆ ಕಳಿಸಿಕೊಡುವ ಬಗ್ಗೆ ಡಾಕ್ಟರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿ. ಮಲಗಿದ ಹಸುವನ್ನು ನೋಡಿಕೊಳ್ಳುವುದಾದರೆ ದಪ್ಪ ಹುಲ್ಲು ಹಾಸಿ, ಹಗಲು ರಾತ್ರಿ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಕೆಳಗಿನ ಕಾಲಿನ ಮಾಂಸ, ನರ ಜಜ್ಜಿ ಮುರಿಯದ ಕಾಲೂ ಹೋಗುತ್ತದೆ.

ನಾಯಿಗಳಲ್ಲಿ ಪಾಮೇರಿಯನ್ ಥರದ ಪುಟ್ಟ ತಳಿಗಳು ಕೈಯಿಂದಲೋ ಸೋಫಾದಿಂದಲೋ ಜಿಗಿದು ಮುಂಗಾಲಿನ ಕೆಳಭಾಗ ಮುರಿದುಕೊಳ್ಳುತ್ತವೆ. ಆ ಜಾಗಕ್ಕೆ ರಕ್ತದ ಹರಿವು ಕಡಿಮೆ, ಬರೀ ಪ್ಲಾಸ್ಟರಿನಲ್ಲಿ ಕೂಡದೆ ಉಳಿಯುವುದು ಜಾಸ್ತಿ, ಹಾಗಾಗಿ ಡಾಕ್ಟರು ಪ್ಲೇಟ್ ಬೇಕು ಅಂದರೆ ದುಡ್ಡಿಗಾಗಿ ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಮರಿಯ ತೊಡೆ ಮೂಳೆ ಮುರಿದಾಗ ಕಾಲು ನೆಟ್ಟಗೆ ಚಾಚಿ ವಾರಗಟ್ಟಲೆ ಕಟ್ಟಿಟ್ಟರೆ ತೊಡೆಯ ಮಾಂಸ ಮೂಳೆಗೆ ಅಂಟಿ ಮಂಡಿ ಮತ್ತೆ ಮಡಚುವುದೇ ಇಲ್ಲ. ಸೊಂಟದ ಮುರಿತದಲ್ಲಿ ಎಷ್ಟೋ ನಾಯಿಗಳು ಆಪರೇಷನ್ ಇಲ್ಲದೆ, ನಾಲ್ಕರಿಂದ ಆರು ವಾರ ಸಣ್ಣ ಜಾಗದಲ್ಲಿ ಕೂಡಿಟ್ಟರೆ ಓಡಾಡುತ್ತವೆ. ಕಾಲು ಉಳಿಯದಿದ್ದರೂ ಎದೆಗುಂದಬೇಡಿ, ಮೂರು ಕಾಲಿನ ನಾಯಿ, ಬೆಕ್ಕು, ಮೇಕೆ ಚೆನ್ನಾಗಿಯೇ ಬದುಕುತ್ತವೆ.

ಮನೆಗೆ ಬಂದ ಮೇಲೆ

ದಿನಾ ಒಂದು ಸಲ ಪ್ಲಾಸ್ಟರಿಗೆ ಮೂಗಿಟ್ಟು ಮೂಸಿ ನೋಡಿ. ಒಳಗೆ ಹುಣ್ಣಾದರೆ ಕಣ್ಣಿಗೆ ಕಾಣುವ ಮೊದಲು ವಾಸನೆ ಬರುತ್ತದೆ. ನೊಣ ಒಂದೇ ಕಡೆ ಮುತ್ತುತ್ತಿದ್ದರೆ, ಊರುತ್ತಿದ್ದ ಕಾಲನ್ನು ಇದ್ದಕ್ಕಿದ್ದಂತೆ ಎತ್ತಿ ಹಿಡಿದರೆ, ನಾಯಿ ಕಟ್ಟನ್ನೇ ಕಡಿಯುತ್ತಿದ್ದರೆ, ಮೇವು ಬಿಟ್ಟರೆ, ಅವತ್ತೇ ಬಿಚ್ಚಿಸಿ ನೋಡಿಸಿ. ಹಟ ಮಾಡುತ್ತಿದೆ ಅಂತ ಬಿಡಬೇಡಿ. ಮಳೆಯಲ್ಲಿ ಹೊರಗೆ ಹೋಗುವಾಗ ಪ್ಲಾಸ್ಟಿಕ್ ಚೀಲ ಹಾಕಿ, ಒಳಗೆ ಬಂದ ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ಬೆವೆತು ಚರ್ಮ ಕೊಳೆಯುತ್ತದೆ.

ಬರೀ ಅನ್ನ, ಅಥವಾ ಅನ್ನ ಮತ್ತು ಮೂಳೆ ತೆಗೆದ ಕೋಳಿ ಮಾಂಸ ತಿಂದು ಬೆಳೆದ ನಾಯಿಮರಿಗಳ ಮೂಳೆಯಲ್ಲಿ ಸುಣ್ಣ ಇರುವುದಿಲ್ಲ, ಆಟವಾಡುವಾಗಲೇ ಬಾಗಿ ಮುರಿಯುತ್ತದೆ. ಅಂಥ ಮರಿಗೆ ಆಹಾರ ಸರಿ ಮಾಡುವುದೇ ಚಿಕಿತ್ಸೆಯ ಅರ್ಧ ಭಾಗ. ಹಾಗಂತ ದೊಡ್ಡ ತಳಿಯ ಮರಿಗಳಿಗೆ ಮನಸ್ಸಿಗೆ ಬಂದಷ್ಟು ಕ್ಯಾಲ್ಸಿಯಂ ಸಿರಪ್ ಸುರಿದರೂ ಮೂಳೆ ಕೆಡುತ್ತದೆ. ಹಾಲು ಕೊಡುವ ಹಸುವಿಗೆ ಖನಿಜ ಮಿಶ್ರಣ ದಿನಾ ಹಾಕಿ. ಹಸು ಮೂಳೆ, ಚಪ್ಪಲಿ, ಬಟ್ಟೆ ಅಗಿಯುತ್ತಿದ್ದರೆ ರಂಜಕ ಕಡಿಮೆಯಾಗಿರಬಹುದು, ಡಾಕ್ಟರಿಗೆ ಹೇಳಿ. ಪಾವಗಡದ ಕಡೆಯ ಹಾಗೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರಾದರೆ ಮಳೆ ನೀರು, ಕೆರೆ ನೀರು ಕುಡಿಸಲು ನೋಡಿ.

ಮೂರು ತಿಂಗಳೊಳಗಿನ ನಾಯಿಮರಿಗೆ ಮೂರು ನಾಲ್ಕು ವಾರ ಸಾಕಾಗಬಹುದು, ವರ್ಷ ದಾಟಿದ ನಾಯಿಗೆ ಎರಡರಿಂದ ಮೂರು ತಿಂಗಳು ಬೇಕು. ಚೆನ್ನಾಗಿ ನಡೆಯುತ್ತಿದೆ ಅಂತ ನೀವೇ ಪ್ಲಾಸ್ಟರ್ ಕೊಯ್ಯಬೇಡಿ, ಎಕ್ಸ್-ರೇ ನೋಡಿ ಡಾಕ್ಟರೇ ತೆಗೆಯಲಿ. ತೆಗೆದ ದಿನ ಕಾಲು ಸಣಕಲಾಗಿ, ಕೀಲು ಸೆಟೆದು ಕಾಣುತ್ತದೆ. ಗಾಬರಿ ಬೇಡ. ಮೊದಲ ಎರಡು ವಾರ ಮಣ್ಣಿನ ಅಥವಾ ಹುಲ್ಲಿನ ನೆಲದಲ್ಲಿ ಹಗ್ಗ ಹಿಡಿದು ಐದೈದು ನಿಮಿಷ ನಡೆಸಿ, ದಿನಕ್ಕೆ ಎರಡು ಮೂರು ಸಲ. ಟೈಲ್ಸ್ ಮತ್ತು ಒದ್ದೆ ಸಿಮೆಂಟ್ ನೆಲಕ್ಕೆ ಬಿಡಬೇಡಿ. ಕೀಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮಡಚಿ ಬಿಡಿಸಿ, ನೋವು ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ಕರು, ಮೇಕೆಯನ್ನು ಇನ್ನೊಂದು ತಿಂಗಳು ಮಂದೆಯ ಜೊತೆ ಬಿಡಬೇಡಿ, ಎತ್ತಿಗೆ ಡಾಕ್ಟರು ಒಪ್ಪುವ ತನಕ ನೊಗ ಹೂಡಬೇಡಿ.